ಕಪಿಲೆಯ ದೈತ್ಯ

120 ಪೌಂಡ್. ಅಂದರೆ 54 ಕೆ.ಜಿ.ಗೂ ಮಿಗಿಲು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಒಂದೇ ಒಂದು ಮಹಶೀರ್ ಮೀನಿನ ತೂಕವದು. ಒಂದು ಸಿಮೆಂಟ್ ಚೀಲಕ್ಕಿಂತ ಭಾರದ ಜೀವ! ನಂಜನಗೂಡಿನ ಜನ ಕಪಿಲೆ ಎಂದು ಮಿಂದೇಳುವ, ತಿ. ನರಸೀಪುರದ ಸಂಗಮದಲ್ಲಿ ಕಾವೇರಿ ಸೇರುವ ಹೊಳೆ ಇದೇ. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಆ ಮೀನಿನ ದಾಖಲೆ ಇಂದಿಗೂ ಉಳಿದಿದೆ.

ವಿಚಿತ್ರ ಮೀನು ಎಂದೊಡನೆ ನಮ್ಮ ಮನಸ್ಸು ಕಡಲಾಳಕ್ಕೆ ಓಡುತ್ತದೆ. 2022ರಲ್ಲಿ ಜಪಾನಿನ ಬಳಿ 8,336 ಮೀಟರ್ ಆಳದಲ್ಲಿ ಈಜುತ್ತಿದ್ದ ಪುಟ್ಟ ಮೀನನ್ನೂ ಕ್ಯಾಮೆರಾ ಕಂಡಿತು. ನಮ್ಮ ಹೊಳೆಯ ಮಡುವಿನಲ್ಲಿದ್ದ ಈ ಗೂನುಬೆನ್ನಿನ ದೈತ್ಯ ಯಾವ ಜಾತಿಯದೆಂದು ವಿಜ್ಞಾನಿಗಳು ಖಚಿತಪಡಿಸಿದ್ದು ಅದಕ್ಕೆ ನಾಲ್ಕೇ ವರ್ಷ ಮೊದಲು, 2018ರಲ್ಲಿ. ಕಾವೇರಿ ಕೊಳ್ಳಕ್ಕೇ ಸೇರಿದ ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳಿಗೆ ಆಗಲೇ ಇಟ್ಟಿದ್ದ 'ಟೋರ್ ರೆಮಾದೇವಿ' ಎಂಬ ಹೆಸರೇ ಇದಕ್ಕೂ ಸಲ್ಲಬೇಕೆಂದು ತಿಳಿಯಿತು. ದಾಖಲೆಯ ಮೀನು ದಡಕ್ಕೆ ಬಂದು ಅಷ್ಟೊತ್ತಿಗೆ 72 ವರ್ಷ!

ಇದರ ದವಡೆಯಲ್ಲಿ ಹಲ್ಲೇ ಇಲ್ಲ. ಏಡಿ, ಮೃದ್ವಂಗಿ, ದಡದ ಮರದಿಂದ ಉದುರಿದ ಹಣ್ಣು, ಏನು ಸಿಕ್ಕರೂ ಗಂಟಲೊಳಗಿನ ಹಲ್ಲುಗಳಲ್ಲಿ ಅರೆದು ನುಂಗುತ್ತದೆ. ಬೇಸಿಗೆ ಕಳೆಯಲು ಬತ್ತದ ಮಡು ಬೇಕು, ಮೊಟ್ಟೆಯಿಡಲು ಮಳೆಗಾಲದ ಹೊಸ ನೀರು ಹರಿಯುವ ಗರಸು ನೆಲ ಬೇಕು. ರೋಹು ಮೀನು ತನ್ನ ಮೈತೂಕದ ಪ್ರತಿ ಕೆ.ಜಿ.ಗೆ ಲಕ್ಷಗಟ್ಟಲೆ ಮೊಟ್ಟೆ ಇಟ್ಟರೆ ಮಹಶೀರ್‌ಗಳದು ಸಾವಿರಗಳ ಲೆಕ್ಕ. ಹೋದದ್ದು ಬೇಗ ತುಂಬಿ ಬರುವುದಿಲ್ಲ.

1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದಾಗ ಅದರ ಹಿಂದೆ 19.52 ಟಿಎಂಸಿ, ಎಂದರೆ ಸುಮಾರು 55,000 ಕೋಟಿ ಲೀಟರ್ ನೀರಿಗೆ ಜಾಗವಾಯಿತು. ಭತ್ತ ಬೆಳೆಯುವವರಿಗೆ ಅದು ಬದುಕು, ನಿಜ. ಹೊಳೆಯ ಮೇಲಕ್ಕೆ ಈಜುವ ಮೀನಿಗೆ ದಾರಿ ಅಲ್ಲಿಗೇ ನಿಂತಿತು. ಸಾಲದ್ದಕ್ಕೆ ಕಾವೇರಿಗೆ ಹೊರಗಿನ ಜಾತಿಯ ನೀಲಿರೆಕ್ಕೆ ಮಹಶೀರ್ ಮರಿಗಳನ್ನು ತಂದು ಬಿಟ್ಟರು. ಮೀನು ಸಿಗಲಿ ಎಂದು ಸಿಡಿಮದ್ದು ಎಸೆಯುವವರೂ ಇದ್ದರು.

ನನ್ನನ್ನು ಬೆಚ್ಚಿಬೀಳಿಸಿದ್ದು ಮಾತ್ರ ಬೇರೊಂದು ಲೆಕ್ಕ. 1998ರಿಂದ 2012ರವರೆಗೆ ಕಾವೇರಿಯಲ್ಲಿ ಗಾಳ ಹಾಕಿದವರು ಬರೆದಿಟ್ಟ ಪುಸ್ತಕಗಳಲ್ಲಿ ಗೂನುಬೆನ್ನಿನ ಮೀನಿನ ಸಂಖ್ಯೆ ಇಳಿಯುತ್ತಾ ಬಂದರೆ ಸರಾಸರಿ ತೂಕ ಏರುತ್ತಾ ಹೋಗಿದೆ. ಸಿಗುತ್ತಿದ್ದದ್ದು ಮುದಿ ಮೀನುಗಳು, ಅವುಗಳ ಹಿಂದೆ ಮರಿಗಳೇ ಇರಲಿಲ್ಲ. 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಈ ಜಾತಿಯನ್ನು ಅಳಿವಿನ ಕಟ್ಟಕಡೆಯ ಅಂಚಿನಲ್ಲಿರುವವುಗಳ ಪಟ್ಟಿಗೆ ಸೇರಿಸಿತು. ಕಾವೇರಿ ಕೊಳ್ಳದ ವಿಸ್ತಾರ 81,155 ಚದರ ಕಿ.ಮೀ. ಅದರಾಚೆ ಜಗತ್ತಿನ ಯಾವ ನದಿಯಲ್ಲೂ ಈ ಮೀನಿಲ್ಲ.