ಕಡಲಿಲ್ಲದ ಸೀಮೆಯ ತೀರಪಕ್ಷಿಗಳು

ತೀರಪಕ್ಷಿಗಳೆಂದೊಡನೆ ಕಾರವಾರ, ಮಲ್ಪೆಗಳ ಮಳಲು ದಂಡೆಯೂ ಅಘನಾಶಿನಿಯ ಅಳಿವೆಯೂ ಮನಸ್ಸಿಗೆ ಬರುವವು. ಕಡಲಿನಿಂದ ಸುಮಾರು 300 ಕಿಲೋಮೀಟರು ದೂರದ ಸಿಂಧನೂರಿನ ಹೆಸರನ್ನು ಆ ಸಾಲಿನಲ್ಲಿ ಯಾರೂ ಹೇಳರು. ಆದಾಗ್ಯೂ ದೀಪಾವಳಿ ಕಳೆದ ಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಕೆಸರುಗದ್ದೆಯೊಂದರ ಬದುವಿನ ಮೇಲೆ ಮುಂಜಾನೆ ಒಂದು ತಾಸು ನಿಂತವರು ಈ ಎಣಿಕೆಯನ್ನು ತಿದ್ದಿಕೊಳ್ಳದೆ ಇರಲಾರರು.

ಈ ಹಕ್ಕಿಗಳು ಬೇಡುವದು ಬೆರಳುದ್ದ ನೀರು, ಅದರಡಿ ಮೆತ್ತನೆಯ ಕೆಸರು, ಆ ಕೆಸರಿನಲ್ಲಿ ನಾಲ್ಕು ಹುಳ, ಇಷ್ಟೇ. ಸಾಲಿಂ ಅಲಿಯವರು 1931ರಲ್ಲಿ ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ತೊಡಗಿದಾಗ, ಆ ಸಂಸ್ಥಾನಕ್ಕೇ ಸೇರಿದ್ದ ಸಿಂಧನೂರು ಮಳೆಯನ್ನೇ ನಂಬಿದ ಎರೆಭೂಮಿಯ ಜೋಳದ ಸೀಮೆಯಾಗಿತ್ತು. 1945ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆ ಹರಿದ ತರುವಾಯ ಕ್ಯಾಂಪುಗಳೆದ್ದವು, ಜೋಳದ ಹೊಲ ಭತ್ತದ ಗದ್ದೆಯಾಯಿತು. ಸೈಬೀರಿಯದಿಂದ ಬರುವ ಅತಿಥಿಗಳನ್ನು ಎಂಜಿನಿಯರರು ತಮ್ಮ ಲೆಕ್ಕದಲ್ಲಿ ಹಿಡಿದಿರಲಾರರು. ಅತಿಥಿಗಳು ಮಾತ್ರ ತಮ್ಮ ಬಿಡಾರವನ್ನು ತಾವೇ ಕಂಡುಕೊಂಡರು.

ಆದರೆ ನೋಡುವದು ಬೇರೆ, ಗುರುತಿಸುವದು ಬೇರೆ. ನಮ್ಮಲ್ಲಿ ಓದಿದವರು ಸಹ ಬೆಳ್ಳಗಿದ್ದುದನ್ನೆಲ್ಲ ಕೊಕ್ಕರೆಯೆಂದೂ ಕಂದಾದುದನ್ನೆಲ್ಲ ಯಾವುದೋ ಹಕ್ಕಿಯೆಂದೂ ಹೇಳಿ ಕೈತೊಳೆದುಕೊಳ್ಳುವದುಂಟು. ಉದ್ದನೆಯ ನಸುಗೆಂಪು ಕಾಲುಗಳ ಮೆಟ್ಟುಗಾಲು ಹಕ್ಕಿಯನ್ನಾಗಲಿ, ಕೂಗಿ ಊರನ್ನೇ ಎಬ್ಬಿಸುವ ಟಿಟ್ಟಿಭವನ್ನಾಗಲಿ ತಿಳಿಯಲು ಗುರುವಿನ ಅಗತ್ಯವಿಲ್ಲ. ತೊಡಕೆಲ್ಲ ಗದ್ದೆಗೊರವಗಳಲ್ಲಿ. ಚಳಿಗಾಲದಲ್ಲಿ ಇವೆಲ್ಲ ಹೆಚ್ಚುಕಡಿಮೆ ಮಣ್ಣಿನ ಬಣ್ಣವನ್ನೇ ತಳೆಯುವದರಿಂದ ಮೈಬಣ್ಣವೊಂದನ್ನೇ ನಂಬದೆ ಕಾಲು, ಕೊಕ್ಕು, ನಡೆಗಳನ್ನೂ ನೋಡಬೇಕು. ಅಡವಿ ಗೊರವದ ಬೆನ್ನಿನ ಮೇಲೆ ಚುಕ್ಕೆಗಳು ಹೆಚ್ಚು. ಬಿಳಿಯ ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುವದು. ಹಸುರು ಗೊರವದ ಬೆನ್ನು ಕಪ್ಪಿನತ್ತ ತಿರುಗಿದ್ದು, ಅದರ ಹುಬ್ಬು ಕಣ್ಣಿನ ಬಳಿಗೇ ನಿಂತುಬಿಡುವದು. ಇಷ್ಟಾಗಿಯೂ ಸಂಶಯವುಳಿದರೆ ಅದು ಹಾರುವವರೆಗೆ ಕಾಯತಕ್ಕದ್ದು: ರೆಕ್ಕೆಯ ಒಳಮೈ ಕಪ್ಪಾಗಿದ್ದರೆ ಹಸುರು ಗೊರವ, ಮಾಸಲು ಬಿಳುಪಾಗಿದ್ದರೆ ಅಡವಿ ಗೊರವ. ಕಾಲುವೆಯ ಕಲ್ಲಿನ ಮೇಲೆ ಒಂಟಿಯಾಗಿ ನಿಂತು ಹಿಂಭಾಗವನ್ನು ಎಡೆಬಿಡದೆ ಕುಣಿಸುವದು ಮೂರನೆಯ ಜಾತಿ. ಎದೆಯ ಬಿಳುಪು ಹೆಗಲ ಮುಂದೆ ಮೇಲಕ್ಕೇರಿ ಬಂದಿರುವದೇ ಅದರ ಗುರುತು. ಗುಬ್ಬಿಯಷ್ಟೇ ಇರುವ ಸ್ಟಿಂಟುಗಳಲ್ಲಿ ಕಾಲು ಕಪ್ಪಾದರೆ ಕಿರು ಸ್ಟಿಂಟ್, ಹಳದಿ ಬೆರೆತ ಹಸುರಾದರೆ ಟೆಮ್ಮಿಂಕನ ಹೆಸರಿನದು. ಕಾಲಿಗೆ ಕೆಸರು ಮೆತ್ತಿತೋ, ಎಂಥ ಪಂಡಿತನೂ ಮೋಸಹೋಗುವನು!

ಇದೆಲ್ಲ ಬಿಡುವಿದ್ದವರ ವಿನೋದವಲ್ಲವೇ ಎಂದು ಕೆಲವು ಮಹನೀಯರು ಕೇಳಬಹುದು. ಸಮುದ್ರದ ತೀರವನ್ನು ಯಾರೂ ತೆರೆದು ಮುಚ್ಚಲಾರರು. ಸಿಂಧನೂರಿನ ತೀರವಾದರೋ ತೂಬಿನ ಕೈಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ರೈತರ ಬೆಳೆಯ ಚಿಂತೆಯೇ ಎಲ್ಲರನ್ನೂ ಕಾಡಿತು, ಅದು ನ್ಯಾಯವೇ. ಆದರೆ ಎರಡನೆಯ ಬೆಳೆಗೆ ನೀರು ಬಾರದ ವರ್ಷ ಗೊರವಗಳಿಗೂ ಉಪವಾಸವೇ. ಅವು ಕಡಿಮೆಯಾದವೋ, ಬೇರೆಡೆಗೆ ಹೋದವೋ ಎಂಬುದನ್ನು ಸರಿಯಾದ ಹೆಸರಿನ ಗಣತಿಯಿಲ್ಲದೆ ಯಾರು ಹೇಳಬಲ್ಲರು?

ಹೆಸರಿನ ಬೆಲೆ ಎಷ್ಟೆಂಬುದಕ್ಕೆ ನಿದರ್ಶನವು ಸಮೀಪದಲ್ಲಿಯೇ ಇದೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಯು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಗಿ, 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಅಘನಾಶಿನಿ ಅಳಿವೆಗಳೊಡನೆ ರಾಮ್‌ಸಾರ್ ಪಟ್ಟಿಯನ್ನು ಸೇರಿತು. ಆ ಪಟ್ಟಿಯ ಪಕ್ಷಿಸಂಬಂಧದ ನಿಯಮಗಳೆರಡು: ಒಂದು ಸ್ಥಳದಲ್ಲಿ 20,000 ನೀರುಹಕ್ಕಿಗಳು ವಾಡಿಕೆಯಾಗಿ ನೆಲೆಸಬೇಕು, ಇಲ್ಲವೆ ಯಾವುದೊಂದು ಜಾತಿಯ ಒಟ್ಟು ಸಂಖ್ಯೆಯ ಶೇಕಡಾ 1ರಷ್ಟಾದರೂ ಅಲ್ಲಿರಬೇಕು. ‘ಕಂದು ಹಕ್ಕಿಗಳು ಬಹಳ’ ಎಂದು ಬರೆದ ಟಿಪ್ಪಣಿಯು ಎರಡನೆಯ ನಿಯಮದ ಮುಂದೆ ಕಾಗದದ ಚೂರು.

1987ರಿಂದ ಏಷ್ಯದ ನೀರುಹಕ್ಕಿಗಳ ಗಣತಿಯು ಪ್ರತಿ ಜನವರಿಯಲ್ಲಿ ನಡೆದುಬಂದಿದೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಉಪಾಧ್ಯಾಯರೂ ಕಚೇರಿಯ ನೌಕರರೂ ತಲಾ ಒಂದು ಗದ್ದೆಯನ್ನೋ ಕೆರೆಯನ್ನೋ ವಹಿಸಿಕೊಂಡು, ಬಿಸಿಲೇರುವ ಮುನ್ನ ಸೂರ್ಯನಿಗೆ ಬೆನ್ನುಮಾಡಿ ದುರ್ಬೀನು ಹಿಡಿಯಲಿ. ಗದ್ದೆಗೆ ನೀರು ಬಿಟ್ಟ ತಾರೀಖನ್ನು ನೀರಾವರಿ ಇಲಾಖೆಯವರಿಂದ ಕೇಳಿ ಅದೇ ಹಾಳೆಯಲ್ಲಿ ಬರೆದಿಡಲಿ. ಗುರುತು ಹತ್ತದಿದ್ದರೆ ಊಹೆಯ ಹೆಸರನ್ನು ಅಂಟಿಸದೆ ‘ಗುರುತಾಗದ ಗೊರವ, ಮೂರು’ ಎಂದೇ ನಮೂದಿಸಲಿ.