ಮೂಟೆ ಹೊರೋಕೆ ಯಂತ್ರ ಬಂತು, ಒಳಗೆ ನೋಡೋರು ಯಾರು?

ಭಾನುವಾರ ಚಿಕನ್ ಅಂಗಡಿ ಮುಂದೆ ನಿಂತು ನಾವು ಕೇಳೋದು ಒಂದೇ: ಕೆ.ಜಿ.ಗೆ ಎಷ್ಟು? ಆ ಕೋಳಿ ಎಷ್ಟು ಫೀಡ್ ತಿಂತು, ಅದನ್ನ ಹೊತ್ತವರು ಯಾರು ಅಂತ ಯಾವತ್ತಾದ್ರೂ ಯೋಚಿಸಿದ್ದೀವಾ?

ಒಂದು ಲೆಕ್ಕ ಹಾಕೋಣ. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದ ಕಡೆ 10 ಸಾವಿರ ಕೋಳಿಗಳ ಒಂದು ಫಾರಂ ಇದೆ ಅಂದುಕೊಳ್ಳಿ. ಬ್ರಾಯ್ಲರ್ ಕೋಳಿ ಸುಮಾರು 40 ದಿನದಲ್ಲಿ 2 ಕೆ.ಜಿ. ತೂಗೋಕೆ ಹೆಚ್ಚೂಕಡಿಮೆ 3.3 ಕೆ.ಜಿ. ಫೀಡ್ ತಿನ್ನುತ್ತೆ. ಅಂದ್ರೆ ಒಂದು ಬ್ಯಾಚ್‌ಗೆ 33 ಟನ್. 50 ಕೆ.ಜಿ. ತೂಕದ 660 ಮೂಟೆ! ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಶೆಡ್‌ಗೆ, ಪ್ರತಿ ಮೂಟೆಯೂ ಎರಡು ಸಲ ಬೆನ್ನಿಗೇರಬೇಕು. ಪಕ್ಕದಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಗುವಾಗ ಈ ಕೂಲಿಗೆ ಯಾರು ಬರ್ತಾರೆ ಹೇಳಿ?

ಅದಕ್ಕೇ ಯಂತ್ರ ಬಂತು. ಶೆಡ್ ಹೊರಗೆ ಎತ್ತರದ ಉಕ್ಕಿನ ಡ್ರಮ್ಮು, ಅದೇ ಸೈಲೋ. ಲಾರಿ ಬಂದು ಮೇಲಿನಿಂದ ಫೀಡ್ ತುಂಬುತ್ತೆ. ತಳದಿಂದ ಶೆಡ್ ಒಳಕ್ಕೆ ಪೈಪು, ಅದರೊಳಗೆ ಸ್ಪ್ರಿಂಗ್‌ನಂಥ ಉದ್ದನೆಯ ಸುರುಳಿ. ಮೋಟಾರ್ ಸುರುಳಿಯನ್ನ ತಿರುಗಿಸಿದರೆ ಫೀಡ್ ಮುಂದೆ ಸಾಗಿ ಬಟ್ಟಲುಗಳು ಒಂದೊಂದಾಗಿ ತುಂಬುತ್ತವೆ. ಕೊನೇ ಬಟ್ಟಲಲ್ಲಿ ಸೆನ್ಸರ್. ತುಂಬಿದರೆ ಮೋಟಾರ್ ಆಫ್, ಖಾಲಿಯಾದರೆ ಆನ್. ಇಷ್ಟೇ.

ಇಂಜಿನಿಯರಿಂಗ್ ಓದಿದ ನನಗೆ ಇದು ಖುಷಿ ಕೊಡೋ ವಿಷಯ. ಆದ್ರೆ ಒಂದು ಭಯವೂ ಇದೆ. ಮೂಟೆ ಬಿಚ್ಚಿದಾಗ ಮುಗ್ಗಲು ವಾಸನೆ ಮೂಗಿಗೆ ಬಡೀತಿತ್ತು, ಗಂಟು ಕೈಗೆ ಸಿಗ್ತಿತ್ತು. ಮುಚ್ಚಿದ ಸೈಲೋದಲ್ಲಿ ಏನು ಕಾಣುತ್ತೆ? ಹಗಲು ಬಿಸಿಲಿಗೆ ಕಾದ ತಗಡು ರಾತ್ರಿ ತಣ್ಣಗಾದಾಗ ಒಳಗೋಡೆ ಬೆವರುತ್ತೆ. ಆ ನೀರಿಗೆ ಫೀಡ್ ಅಂಟಿ ಬೂಷ್ಟು ಹಿಡಿಯುತ್ತೆ. ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತವೆ. 1960ರಲ್ಲಿ ಇಂಗ್ಲೆಂಡ್‌ನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕಡಲೆಕಾಯಿ ಹಿಂಡಿಯಲ್ಲಿದ್ದ ಇದೇ ವಿಷ. ಕೋಳಿ ಸಾಯದೇ ಇದ್ದರೂ ಲಿವರ್ ಕೆಡುತ್ತೆ, ತಿಂದದ್ದು ಮೈಗೆ ಹತ್ತಲ್ಲ.

ನಷ್ಟ ಯಾರಿಗೆ? ಗುತ್ತಿಗೆ ಸಾಕಣೆಯಲ್ಲಿ ಮರಿ, ಫೀಡ್, ಔಷಧಿ ಕಂಪನಿಯದು. ಶೆಡ್, ಕರೆಂಟ್, ಆಳು ರೈತನದು. ಸಾಮಾನ್ಯವಾಗಿ ಸೈಲೋ ಸಾಲವೂ ರೈತನದೇ. ಫೀಡ್ ಜಾಸ್ತಿ ತಿಂದು ತೂಕ ಬರದಿದ್ದರೆ ಕಡಿತ ಆಗೋದು ರೈತನ ಸಾಕಣೆ ಕೂಲಿಯಲ್ಲಿ!

ಹಾಗಂತ ಯಂತ್ರ ಬೇಡ ಅಂತಿಲ್ಲ. ಸಾಧ್ಯವಾದರೆ ಒಂದು ದೊಡ್ಡ ಸೈಲೋ ಬದಲು ಎರಡು ಚಿಕ್ಕವು ಹಾಕಿಸಿ. ಒಂದು ಪೂರ್ತಿ ಖಾಲಿಯಾಗಿ, ಶುಚಿಯಾಗಿ, ಒಣಗಿದ ಮೇಲೇ ಮತ್ತೆ ತುಂಬಿಸಿ. ಮಳೆಗಾಲಕ್ಕೆ ಮುಂಚೆ ಮುಚ್ಚಳ, ಬೆಸುಗೆ ನೋಡಿ. ಫೀಡ್ ಗಂಟು ಕಟ್ಟಿ ಇಳೀಲಿಲ್ಲ ಅಂತ ದಯವಿಟ್ಟು ಒಳಗೆ ಇಳಿಯಬೇಡಿ. ಅದು ಕುಸಿದರೆ ಮನುಷ್ಯ ಹೂತುಹೋಗ್ತಾನೆ. ಕರೆಂಟ್ ಹೋಗೋ ದಿನಕ್ಕೆ ಹಳೇ ಡಬ್ಬಗಳು ಇರಲಿ. ಮುಖ್ಯವಾಗಿ, ಪ್ರತಿ ಲಾರಿ ಬಂದಾಗ ಒಂದು ಕೆ.ಜಿ. ಫೀಡ್ ಬೇರೆ ತೆಗೆದು, ತಾರೀಖು ಬರೆದು, ತಂದವರ ಸಹಿ ಹಾಕಿಸಿ ಇಡಿ.

ಬೆನ್ನಿನ ಭಾರ ಯಂತ್ರ ಇಳಿಸಲಿ, ಸಂತೋಷ. ಆದ್ರೆ ಕೆಟ್ಟ ಫೀಡಿನ ಹೊರೆಯೂ ರೈತನ ತಲೆ ಮೇಲೇ ಬರಬಾರದು ಅಲ್ವಾ?