ಟ್ರೈಲರ್ ಚಕ್ರದ ಬೇರಿಂಗ್ ಮನೆಯಲ್ಲೇ ಬದಲಿಸೋದು ಹೇಗೆ?

ಟೊಮೆಟೊ ಸೀಸನ್ ಶುರುವಾದರೆ ವಕ್ಕಲೇರಿ ಸುತ್ತಮುತ್ತಲ ಟ್ರೈಲರ್‌ಗಳಿಗೆ ಬಿಡುವೇ ಇರಲ್ಲ. ಕೋಲಾರ ಎಪಿಎಂಸಿಗೆ ಒಂದು ಸಲಕ್ಕೆ 200 ಬಾಕ್ಸ್ ಹಾಕಿದಿರಿ ಅಂದ್ಕೊಳ್ಳಿ. ಬಾಕ್ಸಿಗೆ 15 ಕೆಜಿ ಲೆಕ್ಕದಲ್ಲಿ ಹಣ್ಣಿನ ತೂಕವೇ 3 ಟನ್. ಅಷ್ಟು ಭಾರ ಹೊರೋದು ಚಕ್ರಗಳ ಒಳಗೆ ಕೂತಿರೋ, ಅಂಗೈಯಲ್ಲಿ ಹಿಡಿಸೋ ಬೇರಿಂಗ್‌ಗಳು. ಅರ್ಧ ದಾರಿಯಲ್ಲಿ ಅದು ಮುರಿದರೆ ಚಕ್ರವೇ ಕಳಚಿಕೊಳ್ಳಬಹುದು. ಜೀವಕ್ಕೆ ಅಪಾಯ, ಮೇಲೆ ಅವತ್ತಿನ ಹರಾಜೂ ತಪ್ಪುತ್ತೆ.

ಬೇರಿಂಗ್ ಹೋಗೋ ಮುಂಚೆ ಹೇಳಿಯೇ ಹೋಗುತ್ತೆ. ಖಾಲಿ ಟ್ರೈಲರ್ ಎಳೆಯುವಾಗ ಒಂದು ಚಕ್ರದಿಂದ ಗರಗರ ಸದ್ದು, ಹಬ್ ಮುಟ್ಟಿದರೆ ಬೇರೆ ಚಕ್ರಗಳಿಗಿಂತ ಬಿಸಿ, ಒಳಬದಿಯಲ್ಲಿ ಗ್ರೀಸ್ ಸೋರಿದ ಗುರುತು. ಖಚಿತ ಮಾಡ್ಕೋಬೇಕಾದರೆ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಟಕಟಕ ಅಂತ ಆಡಿದರೆ ಬೇರಿಂಗ್ ಸವೆದಿರಬಹುದು, ಇಲ್ಲಾ ನಟ್ಟು ಸಡಿಲ ಆಗಿರಬಹುದು. ಕೈಯಲ್ಲಿ ತಿರುಗಿಸಿದಾಗ ಮರಳು ಅರೆದಂತೆ ಸದ್ದು ಬಂದರೆ ಬೇರಿಂಗೇ ಅಂತ ತಿಳಿಯಿರಿ.

ಕೆಲಸಕ್ಕೆ ಗಟ್ಟಿ, ಸಮತಟ್ಟಾದ ಜಾಗ ಬೇಕು. ಟ್ರೈಲರ್ ಖಾಲಿ ಇರಲಿ, ಟ್ರ್ಯಾಕ್ಟರಿಗೆ ಸಿಕ್ಕಿಸಿದ್ದಂತೆಯೇ ಇರಲಿ. ಟ್ರ್ಯಾಕ್ಟರ್ ಗೇರಿನಲ್ಲಿಟ್ಟು ಹ್ಯಾಂಡ್ ಬ್ರೇಕ್ ಹಾಕಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ದಪ್ಪ ಮರದ ದಿಮ್ಮಿ ಇಡಿ. ಜಾಕಿ ಒಂದನ್ನೇ ನಂಬಬೇಡಿ. ಹಾಲೋ ಬ್ಲಾಕ್ ಅಂತೂ ಬೇಡವೇ ಬೇಡ, ಭಾರಕ್ಕೆ ಇದ್ದಕ್ಕಿದ್ದಂತೆ ಪುಡಿಯಾಗುತ್ತೆ.

ಚಕ್ರ ಬಿಚ್ಚಿದ ಮೇಲೆ ಹಬ್ಬಿನ ಮೂತಿಯ ಮುಚ್ಚಳ, ಸ್ಪ್ಲಿಟ್ ಪಿನ್, ನಟ್ಟು, ವಾಷರ್, ಹೊರಗಿನ ಸಣ್ಣ ಬೇರಿಂಗ್ ಈ ಕ್ರಮದಲ್ಲಿ ಬರುತ್ತೆ. ಹಬ್ ಎಳೆದರೆ ಹಿಂದೆ ಆಯಿಲ್ ಸೀಲ್, ಅದರೊಳಗೆ ದೊಡ್ಡ ಬೇರಿಂಗ್. ಒಂದೊಂದು ತೆಗೆದಾಗಲೂ ಮೊಬೈಲಿನಲ್ಲಿ ಫೋಟೊ ತೆಗೀರಿ, ಜೋಡಿಸುವಾಗ ಯಾವುದು ಯಾವ ಕಡೆ ಅನ್ನೋ ಗೊಂದಲ ಇರಲ್ಲ. ಡೀಸೆಲ್‌ನಲ್ಲಿ ತೊಳೆದು ನೋಡಿ. ರೋಲರ್ ಮೇಲೆ ಗುಳಿ, ನೀಲಿ ಬಣ್ಣ, ಬಿರುಕು ಇದ್ದರೆ ಹೊಸದು ತರಲೇಬೇಕು.

ಅಂಗಡಿಗೆ ಹಳೇ ಬೇರಿಂಗನ್ನೇ ಒಯ್ಯಿರಿ. ಅದರ ಅಂಚಿನಲ್ಲಿ 30206, 32208 ಹೀಗೆ ನಂಬರ್ ಇರುತ್ತೆ. ಇಂಥ ಐದಂಕಿ ನಂಬರಿನಲ್ಲಿ ಕೊನೆಯ ಎರಡಂಕಿಯನ್ನು 5ರಿಂದ ಗುಣಿಸಿದರೆ ಒಳರಂಧ್ರದ ಅಳತೆ. ಅಂದರೆ 30206ಕ್ಕೆ 30 ಮಿಲಿಮೀಟರ್, 32208ಕ್ಕೆ 40. ನಂಬರ್ ಅಳಿಸಿದ್ದರೂ ಅಳತೆ ಹಿಡಿದು ಹುಡುಕಬಹುದು. ಸೀಲ್ ಮತ್ತು ಸ್ಪ್ಲಿಟ್ ಪಿನ್ ಹೊಸದೇ ತನ್ನಿ, ಇದರಲ್ಲಿ ಉಳಿಸೋಕೆ ಹೋಗಬೇಡಿ.

ಜನ ತಪ್ಪೋದು ಇಲ್ಲಿ: ರೋಲರ್ ಮಾತ್ರ ಹೊಸದು ಹಾಕಿ, ಹಬ್ಬಿನೊಳಗಿನ ಹಳೇ ಕಪ್ ಹಾಗೇ ಬಿಡ್ತಾರೆ. ಕಪ್ಪೂ ರೋಲರೂ ಜೋಡಿ, ಎರಡನ್ನೂ ಬದಲಿಸಬೇಕು. ಒಳಗಿಂದ ಹಿತ್ತಾಳೆ ರಾಡ್ ಇಟ್ಟು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಸುತ್ತಿಗೆಯಲ್ಲಿ ಬಡಿದರೆ ಹಳೇ ಕಪ್ ಬರುತ್ತೆ. ಹೊಸದನ್ನು ಕೂರಿಸುವಾಗ ಹಳೇ ಕಪ್ಪನ್ನು ಅದರ ಮೇಲಿಟ್ಟು, ಓರೆಯಾಗದಂತೆ ಸುತ್ತಲೂ ಸಮನಾಗಿ ತಟ್ಟಿ. ಪೂರ್ತಿ ಕೂತಾಗ ಸದ್ದು ಬದಲಾಗಿ ಗಟ್ಟಿಯಾಗಿ ಕೇಳಿಸುತ್ತೆ.

ಗ್ರೀಸ್ ಎಪಿ-3 ಅಂತ ಕೇಳಿ ತನ್ನಿ. ಹಳೇ ಗ್ರೀಸ್ ಪೂರ್ತಿ ಒರೆಸಿ ತೆಗೆಯಿರಿ, ಬೆರೆಸಬೇಡಿ. ಅಂಗೈಯಲ್ಲಿ ಗ್ರೀಸ್ ಇಟ್ಟು, ಬೇರಿಂಗಿನ ಅಗಲ ಬದಿಯನ್ನು ಅದಕ್ಕೆ ಒತ್ತುತ್ತಾ, ರೋಲರ್‌ಗಳ ನಡುವಿಂದ ಆ ಕಡೆಗೆ ಬರೋವರೆಗೂ ತುಂಬಿ. ಮೇಲೆ ಬಳಿದರೆ ಸಾಲದು. ಹಬ್ಬಿನ ಹೊಟ್ಟೆಯಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಬೇಡ, ಬಿಸಿಯಾಗಿ ಸೀಲ್ ದಾಟಿ ಹೊರಗೆ ಬರುತ್ತೆ.

ಇನ್ನು ನಟ್ಟು. ಇಡೀ ಕೆಲಸದಲ್ಲಿ ಬೇರಿಂಗಿನ ಆಯಸ್ಸನ್ನ ನಿರ್ಧಾರ ಮಾಡೋದು ಇದೇ. ಹಬ್ ತಿರುಗಿಸುತ್ತಾ ಬಿಗಿ ಮಾಡಿ. ತಿರುಗೋದು ಭಾರವಾದಾಗ ನಿಲ್ಲಿಸಿ, ಸರಾಗವಾಗಿ ತಿರುಗುವಷ್ಟು, ಸುಮಾರು ಆರನೇ ಒಂದು ಸುತ್ತು ಸಡಿಲಿಸಿ. ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಬೇಡಿ, ಮುಂದಿನ ಗಾಡಿಗೆ ಬರೋವರೆಗೆ ಸ್ವಲ್ಪ ಸಡಿಲ ಮಾಡಿ. ಕೈಯಲ್ಲಿ ಬಿಟ್ಟರೆ ಹಬ್ ಸಲೀಸಾಗಿ ಸುತ್ತಬೇಕು, ಅಲ್ಲಾಡಿಸಿದರೆ ಆಡಬಾರದು. "ಭದ್ರವಾಗಿರಲಿ" ಅಂತ ಬಲ ಹಾಕಿ ಬಿಗಿದವರ ಬೇರಿಂಗೇ ಬೇಗ ಸುಟ್ಟು ಹೋಗೋದು.

ಕಾರಿನದ್ದೂ ಹೀಗೇ ಮಾಡಬಹುದಾ ಅಂತ ಕೇಳ್ತೀರ. ಈಗಿನ ಬಹುತೇಕ ಸಣ್ಣ ಕಾರುಗಳ ಮುಂದಿನ ಬೇರಿಂಗ್ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ್ದು. ಸುತ್ತಿಗೆಯಲ್ಲಿ ಬಡಿದರೆ ಹೊಸದೂ ಹಾಳು. ಅದನ್ನ ಹೈಡ್ರಾಲಿಕ್ ಪ್ರೆಸ್ ಇರೋ ಗ್ಯಾರೇಜಿಗೇ ಕೊಡಿ. ಯಾವ ಕಡೆಯದು ಹೋಗಿದೆ ಅನ್ನೋದು ಮಾತ್ರ ನೀವೇ ಹೇಳಬಹುದು: ಎಡಕ್ಕೆ ತಿರುಗಿಸಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತೆ, ಆಗ ಗುಂಯ್‌ಗುಡುವ ಸದ್ದು ಜಾಸ್ತಿಯಾದರೆ ಬಲಗಡೆಯದ್ದಿರಬಹುದು.

ಟ್ರೈಲರ್ ಜೋಡಿಸಿದ ಮೇಲೆ ಮೊದಲ ಸಲ ಖಾಲಿಯಾಗಿ ನಾಲ್ಕೈದು ಕಿಲೋಮೀಟರ್ ಓಡಿಸಿ, ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡೋಕೆ ಆಗದಷ್ಟು ಸುಡುತ್ತಿದ್ದರೆ ನಟ್ಟು ಬಿಗಿಯಾಗಿದೆ, ಮತ್ತೆ ಸಡಿಲಿಸಿ. ಒಂದು ವಾರ ಲೋಡ್ ಓಡಿದ ಮೇಲೆ ಚಕ್ರ ಎತ್ತಿ ಇನ್ನೊಮ್ಮೆ ಅಲ್ಲಾಡಿಸಿ ನೋಡಿ. ಹಾಗೇ, ಟ್ರೈಲರ್ ತೊಳೆಯುವಾಗ ಪಂಪಿನ ನೀರನ್ನು ನೇರ ಹಬ್ಬಿಗೆ ಬಿಡಬೇಡಿ, ಸೀಲ್ ದಾಟಿ ಒಳಗೆ ಹೋದ ನೀರು ತುಕ್ಕು ಹಿಡಿಸುತ್ತೆ.